ಪರಸ್ಪರ ಒಪ್ಪಿಗೆಯ ವಿಚ್ಛೇದನ: ಒಂದು ವರ್ಷ, ಆರು ತಿಂಗಳು, ಹದಿನೆಂಟು ತಿಂಗಳು – ಯಾವುದನ್ನು ಎಲ್ಲಿಂದ ಎಣಿಸಬೇಕು?

ಗಂಡ ಹೆಂಡತಿ ಇಬ್ಬರೂ ಒಪ್ಪಿ ಸಹಿ ಹಾಕಿದ ಮೇಲೂ ಹಿಂದೂ ವಿವಾಹ ಕಾಯ್ದೆ ಕಾಯಿಸುತ್ತದೆ, ಅದೂ ಒಂದು ಸಲವಲ್ಲ. ಮದುವೆಯಾದ ದಿನದಿಂದ ಒಂದು ಗಡುವು, ಬೇರೆಯಾದ ದಿನದಿಂದ ಇನ್ನೊಂದು, ಅರ್ಜಿ ಹಾಕಿದ ದಿನದಿಂದ ಮತ್ತೊಂದು, ತೀರ್ಪು ಬಂದ ಮೇಲೆ ಮರುಮದುವೆಗೆ ಮಗದೊಂದು. ಅರ್ಜಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿಕೊಂಡು, ‘ಆರು ತಿಂಗಳು ಆಯಿತಲ್ಲ’ ಎಂದು ಬಂದು ನಿಲ್ಲುತ್ತಾರೆ. ಯಾವ ಆರು ತಿಂಗಳು ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಕರ್ನಾಟಕದ ಫ್ಯಾಮಿಲಿ ಕೋರ್ಟುಗಳಲ್ಲಿ 13-ಬಿ ಕಲಂ ಅಡಿ ಜಂಟಿ ಅರ್ಜಿ ಹಾಕುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಬೇರೆ ಧರ್ಮಗಳ ಕಾನೂನು, ವಿದೇಶದ ವಿಚಾರ ಕೊನೆಯ ಹೊತ್ತಿಗೆ ಬರುತ್ತವೆ.

ಮೊದಲು ನಾಲ್ಕು ಗಡುವುಗಳು

14ನೇ ಕಲಂ: ಮದುವೆಯಾಗಿ ಒಂದು ವರ್ಷ ಆಗುವ ತನಕ ವಿಚ್ಛೇದನದ ಅರ್ಜಿಯನ್ನೇ ಹಾಕುವಂತಿಲ್ಲ. ಅರ್ಜಿದಾರರಿಗೆ ಅಸಾಧಾರಣ ಕಷ್ಟ ಆಗುತ್ತಿದ್ದರೆ, ಇಲ್ಲವೇ ಎದುರುದಾರರ ನಡತೆ ಅಸಾಧಾರಣವಾಗಿ ನೀಚವಾಗಿದ್ದರೆ ಕೋರ್ಟು ಮುಂಚೆಯೇ ಅನುಮತಿ ಕೊಡಬಹುದು. ಸುಳ್ಳು ಹೇಳಿ ಆ ಅನುಮತಿ ಪಡೆದದ್ದು ಗೊತ್ತಾದರೆ ಅರ್ಜಿ ವಜಾ ಆಗಬಹುದು. ಇಲ್ಲವೇ ವರ್ಷ ತುಂಬುವವರೆಗೆ ಡಿಕ್ರಿ (ವಿಚ್ಛೇದನ ಕೊಡುವ ಕೋರ್ಟಿನ ಆದೇಶ) ಜಾರಿಗೆ ಬರದಂತೆ ಕೋರ್ಟು ತಡೆಯಬಹುದು. ಈ ವಿನಾಯಿತಿ ಹೆಚ್ಚಾಗಿ ಬಳಕೆಗೆ ಬರುವುದು ಒಬ್ಬರೇ ಹಾಕುವ ತಕರಾರಿನ ಅರ್ಜಿಗಳಲ್ಲಿ.

13-ಬಿ(1): ಅರ್ಜಿ ಹಾಕುವ ದಿನಕ್ಕೆ ಇಬ್ಬರೂ ಕನಿಷ್ಠ ಒಂದು ವರ್ಷದಿಂದ ಬೇರೆಬೇರೆಯಾಗಿ ಇರಬೇಕು, ಒಟ್ಟಿಗೆ ಬಾಳಲು ಆಗದಂತಿರಬೇಕು, ಮದುವೆ ಕೊನೆಗೊಳಿಸಲು ಇಬ್ಬರೂ ಒಪ್ಪಿರಬೇಕು.

13-ಬಿ(2): ಅರ್ಜಿ ಹಾಕಿ ಆರು ತಿಂಗಳಾದ ಮೇಲೆ, 18 ತಿಂಗಳು ಮೀರುವ ಮುಂಚೆ ಇಬ್ಬರೂ ಮತ್ತೆ ಕೋರ್ಟಿನ ಮುಂದೆ ಬಂದು ‘ನಮ್ಮ ಮನಸ್ಸು ಬದಲಾಗಿಲ್ಲ’ ಎನ್ನಬೇಕು. ಕೂಲಿಂಗ್ ಆಫ್ ಪೀರಿಯಡ್ ಎಂದು ಎಲ್ಲರ ಬಾಯಲ್ಲಿರುವುದು ಇದೇ ಆರು ತಿಂಗಳು. 13-ಬಿ ಕಲಂ ಇಡಿಯಾಗಿ 1976ರ ತಿದ್ದುಪಡಿಯಲ್ಲಿ ಬಂದದ್ದು, 1955ರ ಮೂಲ ಕಾಯ್ದೆಯಲ್ಲಿ ಇರಲಿಲ್ಲ.

15ನೇ ಕಲಂ: ಡಿಕ್ರಿಯ ಮೇಲೆ ಅಪೀಲಿಗೆ ಅವಕಾಶವಿದ್ದರೆ ಅದರ ಅವಧಿ ಮುಗಿಯುವ ತನಕ ಮರುಮದುವೆ ಇಲ್ಲ.

ಬೇರೆಯಾದ ದಿನಾಂಕವೇ ಮೂಲ

ವಕೀಲರ ಹತ್ತಿರ ಹೋಗುವ ಮುಂಚೆ ಇಬ್ಬರೂ ಕೂತು ತೀರ್ಮಾನಿಸಬೇಕಾದದ್ದು ಜೀವನಾಂಶದ ಮೊತ್ತ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕಿಂತ ಮೊದಲಿನದು, ಯಾವ ದಿನದಿಂದ ಬೇರೆಯಾಗಿದ್ದೇವೆ ಎಂಬುದು. ಆ ದಿನಾಂಕ ಅರ್ಜಿಯಲ್ಲಿ, ಇಬ್ಬರ ಪ್ರಮಾಣಪತ್ರಗಳಲ್ಲಿ (ಅಫಿಡವಿಟ್), ಒಪ್ಪಂದದಲ್ಲಿ ಒಂದೇ ಆಗಿರಬೇಕು. ಗಂಡನ ಪ್ರಮಾಣಪತ್ರದಲ್ಲಿ ಜೂನ್, ಹೆಂಡತಿಯದರಲ್ಲಿ ಆಗಸ್ಟ್ ಎಂದಿದ್ದರೆ ನ್ಯಾಯಾಧೀಶರ ಮೊದಲ ಪ್ರಶ್ನೆ ಅದೇ. ಈ ಮೊದಲು ಜೀವನಾಂಶದ ಕೇಸೋ ಪೊಲೀಸ್ ದೂರೋ ಆಗಿದ್ದರೆ ಅದರಲ್ಲಿ ಬರೆಸಿದ ದಿನಾಂಕವನ್ನೂ ನೋಡಿಕೊಳ್ಳಿ. ಹಳೆಯ ಕಾಗದ ಒಂದು ಹೇಳಿ, ಹೊಸ ಅರ್ಜಿ ಇನ್ನೊಂದು ಹೇಳಿದರೆ ಎರಡರ ಮೇಲೂ ಅನುಮಾನ ಬರುತ್ತದೆ.

ಬೇರೆಯಾಗಿ ಇರುವುದು ಎಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಸುರೇಷ್ಟಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಇದನ್ನು ಸ್ಪಷ್ಟ ಮಾಡಿದೆ: ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದೆ ಇರಬಹುದು, ಬೇರೆ ಊರುಗಳಲ್ಲಿದ್ದೂ ಸಂಸಾರ ನಡೆಯುತ್ತಿರಬಹುದು. ಬೆಂಗಳೂರಿನ ಬಾಡಿಗೆ, ಮನೆ ಸಾಲದ ಕಂತಿನ ಕಾರಣಕ್ಕೆ ಒಂದೇ ಫ್ಲಾಟಿನ ಎರಡು ಕೋಣೆಗಳಲ್ಲಿ ಇರುವವರಿಗೆ ಇದು ದೊಡ್ಡ ಆಸರೆ. ಹಾಗಿದ್ದಲ್ಲಿ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ: ವಿಳಾಸ ಒಂದೇ, ದಾಂಪತ್ಯ ಇಂಥ ದಿನದಿಂದ ಇಲ್ಲ. ಆಧಾರ್ ಕಾರ್ಡಿನಲ್ಲಿ ಇಬ್ಬರದೂ ಒಂದೇ ವಿಳಾಸ, ಅರ್ಜಿಯಲ್ಲಿ ಮಾತ್ರ ‘ತವರಿನಲ್ಲಿ ವಾಸ’ ಎಂದರೆ ಅಡ್ಡಪ್ರಶ್ನೆ ತಪ್ಪಿದ್ದಲ್ಲ.

ಬೇರೆ ಮನೆಯಾದರೆ ಬಾಡಿಗೆ ಕರಾರು, ವರ್ಗಾವಣೆ ಆದೇಶ, ಮಗುವಿನ ಶಾಲೆ ಬದಲಾದ ದಾಖಲೆ, ಗ್ಯಾಸ್ ಸಂಪರ್ಕದ ವಿಳಾಸ ಬದಲಾವಣೆ – ಇಂಥ ಒಂದೆರಡು ಸಾಕು. ಮಧ್ಯೆ ರಾಜಿಯಾಗಿ ಮತ್ತೆ ಸಂಸಾರ ಶುರುವಾಗಿದ್ದರೆ, ಎಣಿಕೆ ಎರಡನೇ ಸಲ ಬೇರೆಯಾದ ದಿನದಿಂದ.

ಲೆಕ್ಕ ಹಾಕಿ ನೋಡಿ

ಕಾನೂನಿನಲ್ಲಿ ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು, 30 ದಿನದ ಗುಣಾಕಾರವಲ್ಲ. ಶುರುವಾದ ದಿನವನ್ನು ಬಿಟ್ಟು ಎಣಿಸುವುದು ರೂಢಿ.

ದಂಪತಿ 2023ರ ಜೂನ್ 10ರಂದು ಬೇರೆಯಾದರು ಎನ್ನಿ. 2024ರ ಜೂನ್ 11ರಿಂದ ಜಂಟಿ ಅರ್ಜಿ ಹಾಕಬಹುದು. ಜೂನ್ 20ಕ್ಕೆ ಹಾಕಿದರು. ಆರು ತಿಂಗಳು ಡಿಸೆಂಬರ್ 20ಕ್ಕೆ ತುಂಬುತ್ತದೆ, 21ರಿಂದ ಮುಂದೆ ಯಾವ ದಿನವಾದರೂ ಎರಡನೇ ಹೇಳಿಕೆ ಕೊಡಬಹುದು. ಹೊರಗಡುವು 2025ರ ಡಿಸೆಂಬರ್ 20. ಅದು ದಾಟಿದರೆ ಡಿಕ್ರಿ ಕೊಡಲೇಬೇಕೆಂಬ ಬಾಧ್ಯತೆ ಕೋರ್ಟಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಹಾಗಾಗಿ ‘ಇನ್ನೂ ವರ್ಷ ಇದೆಯಲ್ಲ’ ಎಂದು ಕೂರಬೇಡಿ. ನ್ಯಾಯಾಧೀಶರ ರಜೆ, ವರ್ಗಾವಣೆ, ಬೇಸಿಗೆ ರಜೆ, ವಕೀಲರ ಮುಷ್ಕರಗಳೆಲ್ಲ ಸೇರಿ ನಾಲ್ಕೈದು ತಿಂಗಳು ಸುಲಭವಾಗಿ ನುಂಗುತ್ತವೆ.

ಅರ್ಜಿ ಎಲ್ಲಿ, ಜೊತೆಗೆ ಏನು

ಮದುವೆಯಾದ ಊರು, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರು, ಹೆಂಡತಿ ಈಗ ಇರುವ ಊರು – ಇವುಗಳಲ್ಲಿ ಯಾವುದರ ಕೋರ್ಟಾದರೂ ಆಗುತ್ತದೆ. ಫ್ಯಾಮಿಲಿ ಕೋರ್ಟ್ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು. ಬೆಂಗಳೂರಿನಲ್ಲಿ ಫ್ಯಾಮಿಲಿ ಕೋರ್ಟುಗಳಿರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ, ಮಧ್ಯಸ್ಥಿಕೆ ಕೇಂದ್ರವೂ ಅಲ್ಲೇ. ಅರ್ಜಿಗೆ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ನಂಬರ್ ಬೀಳುತ್ತದೆ.

ಅಂತರಜಾಲದಲ್ಲಿ ‘ಫಸ್ಟ್ ಮೋಷನ್ ಅರ್ಜಿ, ಸೆಕೆಂಡ್ ಮೋಷನ್ ಅರ್ಜಿ’ ಎಂದು ಎರಡೆರಡು ಅರ್ಜಿಯ ಬಗ್ಗೆ ಓದಿ ಗಾಬರಿಯಾಗುವವರಿದ್ದಾರೆ. ಅದು ದೆಹಲಿಯ ಪದ್ಧತಿ. ನಮ್ಮಲ್ಲಿ ಒಂದೇ ಅರ್ಜಿ, ಒಂದೇ ನಂಬರು, ಆರು ತಿಂಗಳ ನಂತರಕ್ಕೆ ವಾಯಿದೆ, ಅಂದರೆ ಮುಂದಿನ ವಿಚಾರಣೆಯ ದಿನ.

ಬೇಕಾದ ಕಾಗದ: ಮದುವೆ ನೋಂದಣಿ ಪತ್ರ (ಇಲ್ಲದಿದ್ದರೆ ಲಗ್ನಪತ್ರಿಕೆ ಮತ್ತು ಮದುವೆಯ ಫೋಟೋ), ಇಬ್ಬರ ಆಧಾರ್, ವಿಳಾಸದ ದಾಖಲೆ, ಮಕ್ಕಳ ಜನನ ಪತ್ರ, ಒಪ್ಪಂದ ಪತ್ರ, ಬಾಕಿ ಇರುವ ಎಲ್ಲ ಕೇಸುಗಳ ನಂಬರುಗಳು. ಆಧಾರಿನಲ್ಲಿರುವ ಹೆಸರಿಗೂ ಲಗ್ನಪತ್ರಿಕೆಯಲ್ಲಿರುವ ಹೆಸರಿಗೂ ವ್ಯತ್ಯಾಸವಿದ್ದರೆ ಅರ್ಜಿಯ ಶೀರ್ಷಿಕೆಯಲ್ಲೇ ಎರಡನ್ನೂ ‘ಉರುಫ್’ ಹಾಕಿ ಬರೆಸಿ. ಡಿಕ್ರಿ ಬಂದ ಮೇಲೆ ತಿದ್ದಿಸುವುದೆಂದರೆ ಮತ್ತೊಂದು ಅರ್ಜಿ.

ಒಪ್ಪಂದ: ಆರು ತಿಂಗಳು ತಡೆದುಕೊಳ್ಳುವಂತೆ ಬರೆಯುವುದು

ಅರ್ಜಿ ಹಾಕುವ ದಿನಕ್ಕೂ ಡಿಕ್ರಿಯ ದಿನಕ್ಕೂ ನಡುವೆ ಅರ್ಧ ವರ್ಷ ಇರುತ್ತದೆಂಬುದನ್ನು ಮರೆತು ಬರೆದ ಒಪ್ಪಂದಗಳೇ ಮುರಿಯುವುದು.

ಮೊದಲನೆಯದು ದುಡ್ಡು. ಪೂರ್ತಿ ಮೊತ್ತ ಅರ್ಜಿಯ ದಿನವೇ ಕೊಟ್ಟರೆ ಕೊಟ್ಟವರಿಗೆ ಭಯ, ಪೂರ್ತಿ ಕೊನೆಯ ದಿನಕ್ಕಿಟ್ಟರೆ ಪಡೆಯುವವರಿಗೆ ಭಯ. ಕಂತು ಮಾಡುವುದೇ ಜಾಣತನ: ಒಂದು ಭಾಗ ಅರ್ಜಿಯ ದಿನ, ದೊಡ್ಡ ಭಾಗ ಎರಡನೇ ಹೇಳಿಕೆಯ ದಿನ ಕೋರ್ಟಿನಲ್ಲೇ. ಡಿ.ಡಿ.ಯನ್ನು ಮುಂಚೆಯೇ ತೆಗೆದು ವಕೀಲರ ಬಳಿ ಇಡುವ ಅಭ್ಯಾಸ ಕೆಲವರಿಗಿದೆ. ಡಿ.ಡಿ.ಯ ಆಯುಷ್ಯ ಮೂರೇ ತಿಂಗಳು, ಕಾಯುವುದು ಆರು ತಿಂಗಳು. ಕೊನೆಯ ವಾಯಿದೆಯ ದಿನ ಅವಧಿ ಮುಗಿದ ಡಿ.ಡಿ. ಹಿಡಿದು ನಿಂತರೆ ಹೇಳಿಕೆಯೇ ಮುಂದಕ್ಕೆ ಹೋಗುತ್ತದೆ. ವಾಯಿದೆಗೆ ಒಂದು ವಾರ ಇರುವಾಗ ತೆಗೆಸಿ, ಅದರ ನಂಬರನ್ನು ಆ ದಿನ ಕೋರ್ಟಿಗೆ ಕೊಡುವ ಮೆಮೋದಲ್ಲಿ (ಚಿಕ್ಕ ಲಿಖಿತ ಟಿಪ್ಪಣಿ) ಬರೆಸಿ.

ಎರಡನೆಯದು ಮನೆ, ನಿವೇಶನ. ಹೆಂಡತಿಯ ಹೆಸರಿಗೆ ಗಂಡ ಆಸ್ತಿ ಬರೆದುಕೊಡುವುದಾದರೆ ಕರ್ನಾಟಕದಲ್ಲಿ ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಡಿಕ್ರಿಯಾದ ಮರುದಿನ ಆಕೆ ಹೆಂಡತಿಯಲ್ಲ, ರಿಯಾಯಿತಿಯೂ ಇಲ್ಲ. ಹಾಗೆಂದು ಅರ್ಜಿಯ ದಿನವೇ ನೋಂದಣಿ ಮಾಡಿಕೊಟ್ಟು, ನಾಲ್ಕು ತಿಂಗಳ ಮೇಲೆ ಎದುರಿನವರು ಒಪ್ಪಿಗೆ ಹಿಂತೆಗೆದರೆ ಆಸ್ತಿಯೂ ಹೋಯಿತು, ವಿಚ್ಛೇದನವೂ ಇಲ್ಲ. ಎರಡನೇ ಹೇಳಿಕೆಯ ವಾಯಿದೆ ನಿಗದಿಯಾದ ಮೇಲೆ, ಅದಕ್ಕೆ ಕೆಲವೇ ದಿನ ಮೊದಲು ನೋಂದಣಿ ಇಟ್ಟುಕೊಳ್ಳುವುದು ಒಳ್ಳೆಯದು. ಜಂಟಿ ಮನೆ ಸಾಲವಿದ್ದರೆ ನಿಮ್ಮ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ‘ಇನ್ನು ಮುಂದೆ ಕಂತು ಅವರದು’ ಎಂದು ಬರೆದುಕೊಂಡರೂ ಕಂತು ತಪ್ಪಿದರೆ ಬ್ಯಾಂಕು ಇಬ್ಬರ ಬೆನ್ನೂ ಹತ್ತುತ್ತದೆ. ಸಾಲಪತ್ರದಿಂದ ಹೆಸರು ತೆಗೆಸಲು ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು, ಅದಕ್ಕೆ ಈ ಆರು ತಿಂಗಳು ಹೇಳಿ ಮಾಡಿಸಿದ ಸಮಯ.

ಮೂರನೆಯದು ಬಾಕಿ ಕೇಸುಗಳು. ಹೆಂಡತಿಯ ಮೇಲೆ ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಹಳೆಯ 498-ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಕರ್ನಾಟಕದಲ್ಲಿ ಕೆಳ ಕೋರ್ಟಿನಲ್ಲಿ ರಾಜಿಯಾಗುವ ಅಪರಾಧವಲ್ಲ. ‘ದೂರು ವಾಪಸ್ ತೆಗೆದುಕೊಳ್ಳುತ್ತೇನೆ’ ಎಂದು ಒಪ್ಪಂದದಲ್ಲಿ ಬರೆದ ಮಾತ್ರಕ್ಕೆ ಅದು ಮುಗಿಯದು. ರಾಜಿಯ ಆಧಾರದ ಮೇಲೆ ರದ್ದು ಮಾಡುವ ಅಧಿಕಾರ ಹೈಕೋರ್ಟಿಗೆ – ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆ ಯಾವುದಕ್ಕೆ ಸೇರುತ್ತದೋ ಅಲ್ಲಿಗೆ. ದೂರುದಾರರು ಅಲ್ಲಿಗೆ ಬಂದು ಒಪ್ಪಿಗೆ ಹೇಳಬೇಕಾಗುತ್ತದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಯಾವ ದಿನ ಕೊಡುವುದು, ಯಾವ ಕಂತಿಗೆ ಅದನ್ನು ಜೋಡಿಸುವುದು ಎಂಬುದು ಒಪ್ಪಂದದಲ್ಲೇ ಇರಲಿ. ಡಿಕ್ರಿ ಸಿಕ್ಕ ಮೇಲೆ ಹೈಕೋರ್ಟಿಗೆ ಯಾರೂ ಬರದೆ ವರ್ಷಗಟ್ಟಲೆ ಕ್ರಿಮಿನಲ್ ಕೇಸು ಉಳಿದುಬಿಡುವುದು ಈ ಒಂದು ಸಾಲು ಬಿಟ್ಟುಹೋದದ್ದರಿಂದ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರ: ‘ಮಗುವಿಗೆ ಮುಂದೆ ಏನೂ ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ಅದು ಮಗುವಿನ ಹಕ್ಕನ್ನು ಕಳೆಯುವುದಿಲ್ಲ. ಕಸ್ಟಡಿ, ಭೇಟಿ, ಖರ್ಚಿನ ಆದೇಶಗಳನ್ನು 26ನೇ ಕಲಂ ಅಡಿ ಕೋರ್ಟು ಮುಂದೆ ಬದಲಿಸಲೂಬಹುದು. ‘ಅನುಕೂಲದಂತೆ ಭೇಟಿ’ ಎಂಬ ಜಾರಿಕೆಯ ಮಾತಿಗಿಂತ ‘ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 6’ ಎಂದು ಬರೆಯಿರಿ. ಬೇಸಿಗೆ ರಜೆ, ದಸರಾ ರಜೆ ಯಾರ ಬಳಿ, ಪಾಸ್‌ಪೋರ್ಟಿಗೆ ಸಹಿ ಯಾರದು ಎಂಬುದನ್ನೂ ಬಿಡಬೇಡಿ.

ಮೊದಲ ದಿನ

ಇಬ್ಬರೂ ಖುದ್ದಾಗಿ ಹಾಜರಿರಬೇಕು. ಒಪ್ಪಿಗೆ ಬಲವಂತದಿಂದಲೋ ಮೋಸದಿಂದಲೋ ಪಡೆದದ್ದಲ್ಲ ಎಂದು ಕೋರ್ಟಿಗೆ ಮನವರಿಕೆ ಆಗಬೇಕೆಂಬುದು 23ನೇ ಕಲಂ. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕೇಳಬಹುದು. ರಾಜಿಗೆ ಯತ್ನಿಸುವುದು ಫ್ಯಾಮಿಲಿ ಕೋರ್ಟಿನ ಕರ್ತವ್ಯವಾದ್ದರಿಂದ ಆಪ್ತಸಮಾಲೋಚಕರ ಬಳಿಗೋ ಮಧ್ಯಸ್ಥಿಕೆಗೋ ಕಳಿಸುತ್ತಾರೆ. ಇದನ್ನು ವಿಳಂಬವೆಂದು ಗೊಣಗುವವರೇ ಹೆಚ್ಚು. ಆದರೆ ಆರು ತಿಂಗಳ ವಿನಾಯಿತಿ ಕೇಳುವವರಿಗೆ ‘ಮಧ್ಯಸ್ಥಿಕೆ ವಿಫಲ’ ಅಥವಾ ‘ಷರತ್ತುಗಳ ಮೇಲೆ ಇತ್ಯರ್ಥ’ ಎಂಬ ವರದಿ ಬೇಕೇ ಬೇಕು. ಅದು ನಿಮ್ಮ ಕಡತದಲ್ಲಿರುವ ಅತಿ ಉಪಯುಕ್ತ ಹಾಳೆ.

ಆರು ತಿಂಗಳ ವಿನಾಯಿತಿ

2017ರ ಸೆಪ್ಟೆಂಬರ್ 12ರಂದು ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಆರು ತಿಂಗಳು ಕಡ್ಡಾಯವಲ್ಲ, ಕೋರ್ಟಿನ ವಿವೇಚನೆಗೆ ಬಿಟ್ಟದ್ದು ಎಂದಿತು. ಹಾಗಾಗಿ ಈಗ ಫ್ಯಾಮಿಲಿ ಕೋರ್ಟೇ ಮನ್ನಾ ಮಾಡಬಹುದು. ನೋಡುವುದು ನಾಲ್ಕು ಅಂಶ: ಒಂದು ವರ್ಷ ಮತ್ತು ಆರು ತಿಂಗಳು ಎರಡೂ ಸೇರಿ 18 ತಿಂಗಳ ಪ್ರತ್ಯೇಕ ವಾಸ ಅರ್ಜಿಗೆ ಮುಂಚೆಯೇ ಮುಗಿದಿರಬೇಕು, ರಾಜಿ ಯತ್ನ ಸೋತಿರಬೇಕು, ಜೀವನಾಂಶ, ಮಕ್ಕಳು, ಬಾಕಿ ವ್ಯಾಜ್ಯ ಎಲ್ಲವೂ ನಿಜವಾಗಿ ಇತ್ಯರ್ಥವಾಗಿರಬೇಕು, ಇನ್ನೂ ಕಾಯಿಸುವುದರಿಂದ ನೋವು ಬೆಳೆಯುವುದಷ್ಟೇ ಎಂದಾಗಬೇಕು.

ಅರ್ಜಿ ಹಾಕಿ ಒಂದು ವಾರವಾದ ಮೇಲೆ, ಕಾರಣ ಬರೆದು, ಇಬ್ಬರ ಪ್ರಮಾಣಪತ್ರದೊಂದಿಗೆ ಐ.ಎ. (ಮುಖ್ಯ ಅರ್ಜಿಯೊಳಗಿನ ಮಧ್ಯಂತರ ಅರ್ಜಿ) ಸಲ್ಲಿಸಬೇಕು. ‘ವಿದೇಶಕ್ಕೆ ಹೋಗಬೇಕಿದೆ’ ಎಂಬ ಒಂದೇ ಸಾಲು ಸಾಲದು. ಬೇರೆಯಾದ ದಿನಾಂಕ ಮತ್ತು ಅದರ ದಾಖಲೆ, ಮಧ್ಯಸ್ಥಿಕೆಯ ದಿನಾಂಕ, ಕೊಟ್ಟ ಹಣದ ವಿವರ, ಇತ್ಯರ್ಥವಾದ ಕೇಸುಗಳ ನಂಬರು – ಹೀಗೆ ನಾಲ್ಕೂ ಅಂಶಕ್ಕೆ ಒಂದೊಂದು ಪ್ಯಾರಾ ಇರಲಿ. ಹಣ ಬಾಕಿ ಇದ್ದು ‘ಆಮೇಲೆ ಕೊಡುತ್ತೇವೆ’ ಎಂದಿದ್ದರೆ ಐ.ಎ. ಬೀಳುವುದು ಮೂರನೇ ಅಂಶದಲ್ಲೇ.

ಮೇಲಿನ ಲೆಕ್ಕಕ್ಕೆ ಮರಳಿದರೆ: 2023ರ ಜೂನ್ 10ಕ್ಕೆ ಬೇರೆಯಾದವರಿಗೆ 18 ತಿಂಗಳು ತುಂಬುವುದು 2024ರ ಡಿಸೆಂಬರ್ 10ಕ್ಕೆ. ವರ್ಷವಾದ ಕೂಡಲೇ ಜೂನ್‌ನಲ್ಲಿ ಅರ್ಜಿ ಹಾಕಿ ವಿನಾಯಿತಿ ಕೇಳಿದರೆ ಮೊದಲ ಅಂಶವೇ ಇಲ್ಲ. ಡಿಸೆಂಬರ್ ತನಕ ಕಾದು ಹಾಕಿದರೆ ವಿನಾಯಿತಿಯ ದಾರಿ ತೆರೆಯುತ್ತದೆ. ಆದರೆ ಎರಡು ದಾರಿಯಲ್ಲೂ ಮುಗಿಯುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಹಾಗಿರುವಾಗ ವಿವೇಚನೆಯ ಮೇಲೆ ನಿಲ್ಲದ ಮೊದಲ ದಾರಿಯೇ ಗಟ್ಟಿ. ವಿನಾಯಿತಿ ನಿಜವಾಗಿ ಉಪಯೋಗಕ್ಕೆ ಬರುವುದು ಎರಡು, ಮೂರು, ಐದು ವರ್ಷದಿಂದ ಬೇರೆಯಾಗಿ, ತಕರಾರಿನ ಕೇಸು ನಡೆಸಿ ಸುಸ್ತಾಗಿ ಮಧ್ಯಸ್ಥಿಕೆಯಲ್ಲಿ ಒಪ್ಪಂದಕ್ಕೆ ಬಂದವರಿಗೆ. 2021ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಅಂಶಗಳು ಅಂತಿಮ ಪಟ್ಟಿಯಲ್ಲ ಎಂದು ಸ್ವಲ್ಪ ಸಡಿಲಿಸಿದೆ. ಅದನ್ನು ನೆಚ್ಚಿ ದಾಖಲೆ ಕಡಿಮೆ ಮಾಡಬೇಡಿ.

2017ರ ತೀರ್ಪು ಮುಟ್ಟಿದ್ದು ಆರು ತಿಂಗಳನ್ನು, ಒಂದು ವರ್ಷದ ಪ್ರತ್ಯೇಕ ವಾಸವನ್ನಲ್ಲ. 2023ರ ಮೇ 1ರ ಶಿಲ್ಪಾ ಶೈಲೇಶ್ ತೀರ್ಪಿನಲ್ಲಿ ಸಂವಿಧಾನ ಪೀಠ ಹೇಳಿದ 142ನೇ ವಿಧಿಯ ಅಧಿಕಾರ (ಕಾಯುವ ಅವಧಿಯನ್ನು ಬದಿಗಿಟ್ಟು ತಾನೇ ವಿಚ್ಛೇದನ ಕೊಡುವುದು) ಸುಪ್ರೀಂ ಕೋರ್ಟಿನದು ಮಾತ್ರ. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂದು ನೇರವಾಗಿ ಅಲ್ಲಿಗೆ ರಿಟ್ ಹಾಕಲು ಬರುವುದಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ.

ಕಾಯುವಾಗ ಮನಸ್ಸು ಬದಲಾದರೆ

ಡಿಕ್ರಿ ಆಗುವ ಕ್ಷಣದವರೆಗೂ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂತೆಗೆಯಬಹುದು. ಸುರೇಷ್ಟಾ ದೇವಿ ತೀರ್ಪಿನ ಇನ್ನೊಂದು ಅರ್ಧ ಅದೇ. ಎರಡನೇ ಹೇಳಿಕೆಗೆ ಬರದೆ ಸುಮ್ಮನಿದ್ದರೆ ಅದನ್ನು ಒಪ್ಪಿಗೆ ಎಂದು ಭಾವಿಸುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾದಾಗ ಉಳಿಯುವುದು 13ನೇ ಕಲಂ ಅಡಿ ಕ್ರೌರ್ಯ, ಎರಡು ವರ್ಷದ ಪರಿತ್ಯಾಗ ಮುಂತಾದ ಕಾರಣಗಳ ತಕರಾರಿನ ಅರ್ಜಿ. ಆದ್ದರಿಂದ ಒಪ್ಪಂದದಲ್ಲಿ ಒಂದು ಷರತ್ತು ಇರಲಿ: ಯಾರೇ ಹಿಂದೆ ಸರಿದರೂ ಪಡೆದ ಹಣ, ಒಡವೆ ಎಷ್ಟು ದಿನದೊಳಗೆ ವಾಪಸ್, ಹಿಂತೆಗೆದ ಕೇಸುಗಳಿಗೆ ಏನು ಗತಿ.

ಎರಡನೇ ಹೇಳಿಕೆ ಮತ್ತು ಡಿಕ್ರಿ

ಇಬ್ಬರೂ ಪ್ರಮಾಣಪತ್ರ ಕೊಟ್ಟು, ದಾಖಲೆ ಗುರುತು ಮಾಡಿಸಿ, ಹಣ ಮುಟ್ಟಿದ್ದಕ್ಕೆ ಮೆಮೋ ಹಾಕುತ್ತಾರೆ. ವಿದೇಶದಲ್ಲಿರುವವರು ವಿಡಿಯೋ ಕಾನ್ಫರೆನ್ಸ್ ಮೂಲಕ ಹಾಜರಾಗಲು, ತಂದೆ ತಾಯಿ ಅಥವಾ ಒಡಹುಟ್ಟಿದವರ ಮೂಲಕ ನಡೆಸಲು ಕೋರ್ಟು ಬಿಡಬಹುದೆಂದು 2017ರ ತೀರ್ಪಿನಲ್ಲೇ ಇದೆ. ಅನುಮತಿಯ ಐ.ಎ. ಮಾತ್ರ ವಾಯಿದೆಗೆ ಮುಂಚೆಯೇ ಬೀಳಬೇಕು. ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಹಾಕಿದ ಮುಖ್ತಿಯಾರ್ ಪತ್ರಕ್ಕೆ (ಪವರ್ ಆಫ್ ಅಟಾರ್ನಿ), ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಇದು ತಪ್ಪಿ ಕಡತ ತಿಂಗಳುಗಟ್ಟಲೆ ನಿಲ್ಲುವುದುಂಟು.

ಬೇರೆ ಕಾನೂನುಗಳಲ್ಲಿ

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 28ನೇ ಕಲಂ. ಒಂದು ವರ್ಷ, ಆರು ತಿಂಗಳು, 18 ತಿಂಗಳು ಎಲ್ಲವೂ ಹಾಗೆಯೇ. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆಯ 10-ಎ ಕಲಂನಲ್ಲಿ ಎರಡು ವರ್ಷದ ಪ್ರತ್ಯೇಕ ವಾಸ ಎಂದು ಅಚ್ಚಾಗಿದೆ. ಕೇರಳ ಹೈಕೋರ್ಟ್ 2010ರಲ್ಲಿ, ಆಮೇಲೆ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಒಂದು ವರ್ಷವೆಂದು ಓದಿಕೊಳ್ಳಬೇಕೆಂದಿವೆ. ಮುಸ್ಲಿಂ ಮಹಿಳೆಗೆ ತಲಾಖಿನ ನಂತರದ ಇದ್ದತ್ (ಮರುಮದುವೆಗೆ ಮುಂಚೆ ಕಾಯುವ ಅವಧಿ) ಮೂರು ಋತುಚಕ್ರ, ಋತುಸ್ರಾವ ಇಲ್ಲದವರಿಗೆ ಮೂರು ಚಾಂದ್ರಮಾಸ, ಗರ್ಭಿಣಿಯಾದರೆ ಹೆರಿಗೆಯವರೆಗೆ. ಗಂಡ ನಾಲ್ಕು ವರ್ಷದಿಂದ ಪತ್ತೆಯಿಲ್ಲವೆಂದು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ ಡಿಕ್ರಿ ಪಡೆದರೆ ಅದು ಆರು ತಿಂಗಳ ನಂತರವೇ ಜಾರಿಗೆ ಬರುತ್ತದೆ. ಆ ನಡುವೆ ಗಂಡ ಬಂದು ಸಂಸಾರಕ್ಕೆ ಸಿದ್ಧನೆಂದು ಕೋರ್ಟಿಗೆ ಮನವರಿಕೆ ಮಾಡಿದರೆ ಡಿಕ್ರಿ ರದ್ದಾಗುತ್ತದೆ.

ಹೊರದೇಶದ ಕನ್ನಡಿಗರಿಗೆ ಆಯಾ ದೇಶದ ಗಡುವೇ ಬೇರೆ: ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್ 6ರಿಂದ 20 ವಾರ ಮತ್ತು ಅದರ ಮೇಲೆ ಆರು ವಾರ, ಕ್ಯಾಲಿಫೋರ್ನಿಯಾದಲ್ಲಿ ಆರು ತಿಂಗಳು, ಆಸ್ಟ್ರೇಲಿಯಾದಲ್ಲಿ 12 ತಿಂಗಳ ಪ್ರತ್ಯೇಕ ವಾಸ. ಆದರೆ ಇಲ್ಲಿ ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ, ಅಲ್ಲಿ ಒಬ್ಬರೇ ಪಡೆದ ಡಿಕ್ರಿ, ಎದುರಿನವರು ಆ ಕೋರ್ಟಿಗೆ ಮನಸಾರೆ ಒಳಪಡದಿದ್ದರೆ ಇಲ್ಲಿ ನಿಲ್ಲದೆ ಹೋಗಬಹುದು. 1991ರಿಂದ ಸುಪ್ರೀಂ ಕೋರ್ಟಿನ ನಿಲುವು ಅದು. ಇಬ್ಬರೂ ಒಪ್ಪುವುದಾದರೆ ಇಲ್ಲೇ 13-ಬಿ ಹಾಕುವುದು ನಿಶ್ಚಿಂತೆ.

ಡಿಕ್ರಿಯ ಮರುದಿನದಿಂದ

ತೀರ್ಪು ಮತ್ತು ಡಿಕ್ರಿ ಎರಡರ ದೃಢೀಕೃತ ನಕಲಿಗೂ ಅರ್ಜಿ ಕೊಡಿ, ಕನಿಷ್ಠ ಮೂರು ಪ್ರತಿ. ಸಿಕ್ಕಿದ ಕೂಡಲೇ ಹೆಸರಿನ ಅಕ್ಷರ, ಮದುವೆಯ ದಿನಾಂಕ, ಎಂ.ಸಿ. ನಂಬರ್ ತಾಳೆ ನೋಡಿ.

ಒಪ್ಪಿಗೆಯ ಡಿಕ್ರಿಯ ಮೇಲೆ ಅಪೀಲು ಇಲ್ಲವೆಂದು ಫ್ಯಾಮಿಲಿ ಕೋರ್ಟ್ ಕಾಯ್ದೆಯ 19ನೇ ಕಲಂ ಹೇಳುತ್ತದೆ, ಹಾಗಾಗಿ ಮರುಮದುವೆಗೆ ಕಾಯುವ ಅವಧಿ ಉಳಿಯುವುದಿಲ್ಲ. ತಕರಾರಿನ ಡಿಕ್ರಿಯಾದರೆ ಹಾಗಲ್ಲ: ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲಿ ಅಪೀಲಿಗೆ 30 ದಿನ, ಹಿಂದೂ ವಿವಾಹ ಕಾಯ್ದೆಯ 28ನೇ ಕಲಂನಲ್ಲಿ 90 ದಿನ. ದೊಡ್ಡದನ್ನೇ ಹಿಡಿಯಿರಿ. ನಕಲು ಪಡೆಯಲು ಹಿಡಿದ ದಿನಗಳು ಅಪೀಲುದಾರರ ಅವಧಿಗೆ ಸೇರಿಕೊಳ್ಳುವುದರಿಂದ, 90 ದಿನದ ಮೇಲೂ ಹೈಕೋರ್ಟಿನಲ್ಲಿ ಅಪೀಲು ದಾಖಲಾಗಿದೆಯೇ ಎಂದು ಹೆಸರು ಹಾಕಿ ಹುಡುಕಿಸಿಯೇ ಲಗ್ನ ನಿಶ್ಚಯಿಸಿ.

ವಿಮೆ, ಪಿ.ಎಫ್., ಬ್ಯಾಂಕ್ ಖಾತೆಗಳ ನಾಮಿನಿ ಹೆಸರು ಡಿಕ್ರಿಯಿಂದ ತಾನಾಗಿ ಅಳಿಸಿಹೋಗುವುದಿಲ್ಲ. ಒಂದೊಂದಕ್ಕೂ ಹೊಸ ನಮೂನೆ ಭರ್ತಿ ಮಾಡಿ ಕೊಡಬೇಕು.